‘ಕರಗವಲ್ದು’ ಎಂಬುದಕ್ಕೆ ಬರಹದ ಪದ ಯಾವುದು?

ಪ್ರಶ್ನೆ: ಬಾಯಿ, ಗಂಟಲಿನ ಕೆಲವು ಕ್ಯಾನ್ಸರ್‌ಗಳು ರೇಡಿಯೇಶನ್‌ಗೆ ಏಕೆ ಮಣಿಯುವುದಿಲ್ಲ ಎಂಬ ಬಗ್ಗೆ ಕಲಬುರಗಿಯ ರೋಗಿಗಳಿಗಾಗಿ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ವಿಕಿರಣ ನಿರೋಧಕ ಗಡ್ಡೆ’ ಎಂದಿದೆ, ಹೈಪಾಕ್ಸಿಯಾಕ್ಕೆ (ಗಡ್ಡೆಯೊಳಗಿನ ಆಮ್ಲಜನಕದ ಕೊರತೆ) ‘ಉಸಿರುಗಟ್ಟುವಿಕೆ’ ಎಂದಿದೆ. ಸರಿಯೇ? ಇಲ್ಲಿಯ ಜನ ‘ಕರೆಂಟ್ ಕೊಟ್ರೂ ಗಡ್ಡಿ ಕರಗವಲ್ದು’ ಅಂತಾರೆ (ಕರೆಂಟ್ ಅಂದರೆ ರೇಡಿಯೇಶನ್).

ಉತ್ತರ: ‘ನಿರೋಧಕ’ ಬೇಡ ಸರ್. ‘ರೋಗನಿರೋಧಕ ಶಕ್ತಿ’ ಕೇಳಿ ಕೇಳಿ ಆ ಪದಕ್ಕೆ ಒಳ್ಳೆಯ ಹೆಸರು ಬಂದುಬಿಟ್ಟಿದೆ. ವೈದ್ಯರ ಬರಹಕ್ಕೆ ‘ಪ್ರತಿರೋಧ’ ಸಾಕು. ಕೈಪಿಡಿಗೆ ಬೇಕಾದದ್ದು ನಿಮ್ಮ ಪ್ರಶ್ನೆಯಲ್ಲೇ ಇದೆ: ‘ಕರಗವಲ್ದು’ ಒಳಗೆ ‘ಒಲ್ಲದು’ ಕೂತಿದೆ. ‘ಕರಗಲೊಲ್ಲದ ಗಡ್ಡೆ’ ಎನ್ನಿ.

ಆದರೆ ಚಿಕಿತ್ಸೆಯ ಮೂರನೇ ವಾರಕ್ಕೆ ಗಡ್ಡೆ ಕೈಗೆ ಸಿಕ್ಕರೂ ಜನ ಇದೇ ಮಾತಾಡುತ್ತಾರೆ, ಅಲ್ಲೇ ತೊಡಕು. ದಿನಕ್ಕೆ 2 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ), ವಾರಕ್ಕೆ 5 ದಿನ, 7 ವಾರಕ್ಕೆ 70 ಗ್ರೇ ರೂಢಿಯ ಲೆಕ್ಕ. ಡಿಎನ್‌ಎ ಮುರಿದ ಕೋಶ ಬಹುತೇಕ ಆಗಿಂದಾಗಲೇ ಸಾಯದು, ಇಬ್ಭಾಗವಾಗಲು ಹೊರಟಾಗ ಸಾಯುತ್ತದೆ. ಕಿಮೋ ಜೊತೆಗಿನ ರೇಡಿಯೇಶನ್ ಮುಗಿದ ಮೇಲೆ ಪೆಟ್-ಸಿಟಿ ಸ್ಕ್ಯಾನ್‌ಗೆ (ಗಡ್ಡೆ ಉಳಿದಿದೆಯೇ ಎಂದು ನೋಡುವ ಪರೀಕ್ಷೆ) ಸುಮಾರು 12 ವಾರ ಕಾಯುವುದು ಅದಕ್ಕೇ. ಅಲ್ಲಿಯವರೆಗೆ ‘ಇನ್ನೂ ಕರಗಿಲ್ಲ’ ಎಂದಷ್ಟೇ ಬರೆಯಿರಿ. ತೂಕ ಇಳಿದು ಮುಖದ ಮಾಸ್ಕ್ ಸಡಿಲಾಗಿ ಕಿರಣದ ಗುರಿ ತಪ್ಪಿ, ಅಂಚಿನಲ್ಲಿ ಗಡ್ಡೆ ಎದ್ದರೆ ಅದೂ ‘ಒಲ್ಲದು’ ಅಲ್ಲ. ಅದಕ್ಕೆ ಕಿರಣ ಮುಟ್ಟೇ ಇಲ್ಲ.

‘ಉಸಿರುಗಟ್ಟುವಿಕೆ’ಯನ್ನಂತೂ ತೆಗೆದುಹಾಕಿ. ಗಂಟಲ ಕ್ಯಾನ್ಸರಿನವರಿಗೆ ಆ ಭಯ ಮೊದಲೇ ಇರುತ್ತದೆ. ‘ಆಮ್ಲಜನಕ ತಲುಪದ ಜಾಗ’ ಎನ್ನಿ. ರಕ್ತನಾಳದಿಂದ 0.1–0.2 ಮಿಲಿಮೀಟರ್ ದಾಟಿದರೆ ಆಮ್ಲಜನಕ ಸಿಗುವುದು ಕಷ್ಟ. ಕಿರಣ ಮಾಡಿದ ಗಾಯ ಕೂಡಿಕೊಳ್ಳದಂತೆ ಗಟ್ಟಿಮಾಡುವುದು ಆಮ್ಲಜನಕವೇ. ಅದು ಇಲ್ಲವೇ ಇಲ್ಲವೆಂದರೆ ಅಷ್ಟೇ ಕೋಶ ಕೊಲ್ಲಲು 2.5ರಿಂದ 3 ಪಟ್ಟು ಡೋಸ್ ಬೇಕು. ಹಿಮೋಗ್ಲೋಬಿನ್ ಇಳಿದರೆ, ಬೀಡಿ ಬಿಡದಿದ್ದರೆ ಕೊರತೆ ಇನ್ನಷ್ಟು. ತಂಬಾಕಿನಿಂದ ಬಂದ ಗಡ್ಡೆಗಳಲ್ಲಿ ಪಿ53 ಜೀನ್ (ಡಿಎನ್‌ಎ ಮುರಿದ ಕೋಶವನ್ನು ತಡೆಯುವ, ಸಾಯಿಸುವ ಜೀನ್) ಕೆಟ್ಟಿರುವುದು ಹೆಚ್ಚು. ಎಚ್‌ಪಿವಿ ಎಂಬ ವೈರಸ್‌ನಿಂದ ಬಂದ ಟಾನ್ಸಿಲ್ ಗಡ್ಡೆ ಸಾಮಾನ್ಯವಾಗಿ ಕಿರಣಕ್ಕೆ ಚೆನ್ನಾಗಿ ಮಣಿಯುತ್ತದೆ.

ಮರುಪ್ರಶ್ನೆ: ‘ಗಡ್ಡಿ ಕರೆಂಟಿಗೆ ಒಗ್ಗಿಬಿಟ್ಟದ’ ಅಂತಲೂ ಅಂತಾರಲ್ಲ?

ಉತ್ತರ: ಖಾರಕ್ಕೆ ನಾಲಿಗೆ ಒಗ್ಗುತ್ತದೆ. ಇಲ್ಲಿ ಹೆಚ್ಚಾಗಿ ಆಗುವುದು ಬೇರೆ: ಸಾಯದೆ ಉಳಿದ ಕೋಶಗಳು ಸುಮಾರು 4ನೇ ವಾರದಿಂದ ಬಿರುಸಾಗಿ ಬೆಳೆಯುತ್ತವೆ. ಆಮೇಲೆ ತಪ್ಪಿದ ಒಂದೊಂದು ದಿನಕ್ಕೆ ಸುಮಾರು 0.6 ಗ್ರೇ ನಷ್ಟ. ಶರಣಬಸವೇಶ್ವರ ಜಾತ್ರೆಗೆಂದು ನಾಲ್ಕು ದಿನ ಬಿಟ್ಟರೂ ಈ ಲೆಕ್ಕ ನಿಲ್ಲದು. ತೊಗರಿ ಹೊಲದ ಕರಿಕಿ ಹುಲ್ಲಿನ ಹಾಗೆ ‘ಚಿಗುರಿತು’ ಎಂದು ಬರೆಯಿರಿ.