ಗ್ಯಾಸ್ ಗೀಸರ್ ಜಾಯಿಂಟ್ ಸರಿಯಾಗಿದೆಯಾ? ಕೇಳಿ, ಮೆಕ್ಯಾನಿಕ್ ಹೇಳುತ್ತಾರೆ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ಈಚೆಗೆ ಬಾಡಿಗೆ ಮನೆ ಬದಲಾಯಿಸಿದೆವು. ಬಚ್ಚಲುಮನೆ ಒಳಗೆ ಹಳೆಯ ಗ್ಯಾಸ್ ಗೀಸರ್ ಇದೆ, ಆರು ಲೀಟರಿನದು. ಸಿಲಿಂಡರ್ ಹೊರಗೆ ಯುಟಿಲಿಟಿಯಲ್ಲಿದೆ, ರಬ್ಬರ್ ಪೈಪ್ ಗೋಡೆಯ ತೂತಿನಿಂದ ಒಳಗೆ ಬರುತ್ತದೆ. ವಾಸನೆ ಏನೂ ಇಲ್ಲ. ಆದರೂ ಮಕ್ಕಳು ಸ್ನಾನಕ್ಕೆ ಹೋದರೆ ಭಯ ಆಗುತ್ತದೆ. ಜಾಯಿಂಟ್‌ಗಳನ್ನು ನಾವೇ ಚೆಕ್ ಮಾಡಬಹುದಾ?

ಉತ್ತರ: ಮಾಡಬಹುದು ಮೇಡಂ. ನೋಡುವುದು ನಿಮ್ಮ ಕೆಲಸ, ಬಿಚ್ಚುವುದು ಮೆಕ್ಯಾನಿಕ್ ಕೆಲಸ.

ಮೊದಲು ಪೈಪ್ ನೋಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಬೇಕು, ಮೇಲೆ ಐಎಸ್ಐ ಗುರುತಿರಬೇಕು. 5 ವರ್ಷ ಆಗಿದ್ದರೆ ನೋಡಲು ಚೆನ್ನಾಗಿದ್ದರೂ ಬದಲಾಯಿಸಿ. ಕ್ಲಿಪ್ ಹತ್ತಿರ ಸ್ವಲ್ಪ ಬಗ್ಗಿಸಿ ನೋಡಿ, ಬಿರುಕು ಮೊದಲು ಕಾಣುವುದು ಅಲ್ಲೇ. ಇನ್ನು ಗೋಡೆಯ ತೂತು. ಅದರೊಳಗೆ ರಬ್ಬರ್ ಉಜ್ಜಿ ಸವೆದರೂ, ಇಲಿ ಕಡಿದರೂ ನಿಮಗೆ ಕಾಣುವುದಿಲ್ಲ. ಗೋಡೆ ದಾಟುವ ಕಡೆ ತಾಮ್ರದ ಪೈಪ್ ಹಾಕಿಸಿ.

ಆಮೇಲೆ ಸೋಪಿನ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೊರೆ ಬರಿಸಿ, ಹಳೆಯ ಬ್ರಷ್ ತಗೊಳ್ಳಿ. ರೆಗ್ಯುಲೇಟರ್ ಆನ್ ಇರಲಿ. ರೆಗ್ಯುಲೇಟರ್ ಕೂರುವ ಜಾಗ, ಪೈಪಿನ ಎರಡೂ ತುದಿ, ಒಲೆಗೂ ಅದೇ ಸಿಲಿಂಡರ್ ಆದರೆ ಟಿ ಜಾಯಿಂಟ್, ಗೀಸರ್ ಅಡಿಯ ನಟ್, ಎಲ್ಲಕ್ಕೂ ಹಚ್ಚಿ. ಹಚ್ಚಿದ ಕೂಡಲೇ ಎದ್ದು ಹೋಗಬೇಡಿ. ದೊಡ್ಡ ಲೀಕ್ ಆದರೆ ಗುಳ್ಳೆ ತಕ್ಷಣ ಉಬ್ಬುತ್ತದೆ. ಸಣ್ಣದಾದರೆ ನಟ್‌ನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ನೊರೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಒಂದೆರಡು ನಿಮಿಷ ಕಾದರೇನೇ ಗೊತ್ತಾಗುವುದು. ಬೆಂಕಿಕಡ್ಡಿ ಗೀರಿ ಯಾವತ್ತೂ ನೋಡಬೇಡಿ.

ಗೀಸರ್ ಒಳಗೆ ನೀರಿನ ಒತ್ತಡಕ್ಕೆ ತೆರೆಯುವ ವಾಲ್ವ್ ಇದೆ. ನಲ್ಲಿ ಮುಚ್ಚಿದ್ದರೆ ಗ್ಯಾಸ್ ಅಲ್ಲಿಗೇ ನಿಲ್ಲುತ್ತದೆ, ಅದರಾಚೆಯ ಲೀಕ್ ಸಿಗುವುದೇ ಇಲ್ಲ. ಸರ್ವಿಸ್‌ಗೆ ಬಂದವರಿಗೆ ಕವರ್ ತೆಗೆದು, ಗೀಸರ್ ಉರಿಯುವಾಗಲೂ ಚೆಕ್ ಮಾಡಿ ಅಂತ ಹೇಳಿ ಮಾಡಿಸಿ. ವಾಷರ್ ಹಳೆಯದಾಗಿದ್ದರೆ ಹೊಸದು ಹಾಕಿಸಿ. ವಾಷರ್ ಕೂರುವ ನಟ್‌ಗೆ ಸುಮ್ನೆ ಟೆಫ್ಲಾನ್ ಟೇಪ್ ಸುತ್ತಿದರೆ ಲೀಕ್ ನಿಲ್ಲುವುದಿಲ್ಲ.

ಆದರೆ ಮೇಡಂ, ನಿಮ್ಮ ಮನೆ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಜಾಯಿಂಟಿನದಲ್ಲ. ಗೀಸರ್ ಬಚ್ಚಲೊಳಗೆ ಇದೆಯಲ್ಲ, ಅದರದು. ಎಲ್‌ಪಿಜಿ ಲೀಕ್ ಆದರೆ ವಾಸನೆ ಬರುತ್ತದೆ, ವಾಸನೆಯನ್ನು ಬೇಕೆಂದೇ ಸೇರಿಸಿರುತ್ತಾರೆ. ಮುಚ್ಚಿದ ರೂಮಿನಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುವುದು, ಆಮೇಲೆ ಎಚ್ಚರ ತಪ್ಪುವುದು. ಸೋಪಿನ ನೀರಿಗೆ ಇದು ಸಿಗುವುದಿಲ್ಲ. ಉರಿ ನೀಲಿ ಇರಬೇಕು. ಹಳದಿ ಕಂಡರೆ, ಗೀಸರ್ ಮೇಲೆ ಮಸಿ ಹಿಡಿದಿದ್ದರೆ ಅವತ್ತೇ ನಿಲ್ಲಿಸಿ. ಗೀಸರನ್ನು ಹೊರಗೆ, ಗಾಳಿ ಆಡುವ ಯುಟಿಲಿಟಿಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಮ್ಮದೂ ಬಚ್ಚಲೊಳಗೇ ಇದೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ, ಸಾಕಲ್ವಾ?

ಉತ್ತರ: ಸಾಲದು ಸರ್. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಗೀಸರಿನ ಹೊಗೆಯನ್ನೇ ಕೆಳಗೆ ಎಳೆಯಬಹುದು. ಇನ್ನೊಂದು ಮಾತು. ಗ್ಯಾಸ್ ವಾಸನೆ ಬಂದಾಗ ಆ ಫ್ಯಾನ್ ಸ್ವಿಚ್ ಮುಟ್ಟಲೇಬೇಡಿ, ಲೈಟ್ ಕೂಡ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರೂ ಹೊರಗೆ ಬಂದು ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ (ಮೈಸೂರಿನಿಂದ): ಸರ್, ಮಾಲೀಕರು ಗೀಸರ್ ಹೊರಗೆ ಹಾಕಿಸಲು ಒಪ್ಪುತ್ತಿಲ್ಲ. ಅಲ್ಲಿಯವರೆಗೆ ಏನು ಮಾಡಲಿ?

ಉತ್ತರ: ಒಲೆಯ ಮೇಲೋ ಕರೆಂಟ್ ಹೀಟರಿನಲ್ಲೋ ನೀರು ಕಾಯಿಸಿಕೊಳ್ಳುವುದೇ ಒಳ್ಳೆಯದು. ಅದು ಆಗದಿದ್ದರೆ ಬಾಗಿಲು ಕಿಟಕಿ ತೆಗೆದಿಟ್ಟು ಬಕೆಟ್ ತುಂಬಿಸಿ. ಗೀಸರ್ ಆಫ್ ಮಾಡಿ, ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಲಿ. ಆಮೇಲೆ ಮಕ್ಕಳನ್ನು ಸ್ನಾನಕ್ಕೆ ಕಳಿಸಿ. ಒಳಗೆ ಯಾರಾದರೂ ಇರುವಾಗ ಗೀಸರ್ ಉರಿಯಬಾರದು. ಶವರ್ ಬೇಡವೇ ಬೇಡ. ಮಾಲೀಕರಿಗೆ ಈ ಉತ್ತರವನ್ನೇ ತೋರಿಸಿ ಮೇಡಂ. ಫೋನಿನಲ್ಲಿ ಮಾತಾಡಬೇಕು ಅಂದರೆ ನಾನೇ ಮಾತಾಡುತ್ತೇನೆ.