ಮೂರನೇ ಸಲ ಹೋದಾಗ ಬಾಗಿಲು ತೆಗೆಯಲಿಲ್ಲ, ನಾನು ಎಲ್ಲಿ ತಪ್ಪಿದೆ?

ಹೊಸ ಕೆಲಸದವಳು (ಹುಬ್ಬಳ್ಳಿ):
ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಒಂದು ಸಂಸ್ಥೆ ಸೇರಿ ಎರಡು ತಿಂಗಳಾಯ್ತು. ಕಷ್ಟದಲ್ಲಿರೋ ಮನೆಗಳಿಗೆ ಹೋಗೋದು, ಮಕ್ಕಳು ಶಾಲೆ ಬಿಡದಂತೆ, ಬಾಲಮಂದಿರ ಸೇರೋ ಸ್ಥಿತಿ ಬರದಂತೆ ನೋಡಿಕೊಳ್ಳೋದು ನನ್ನ ಕೆಲಸ. ಹಳೇ ಹುಬ್ಬಳ್ಳಿಯಲ್ಲಿ ಒಂದು ಮನೆ ಇದೆ. ಗಂಡ ತೀರಿಕೊಂಡು ವರ್ಷವಾಗಿದೆ, ಇಬ್ಬರು ಮಕ್ಕಳು, ಅವರ ತಾಯಿ (ನಾನು ಅಕ್ಕ ಅಂತೀನಿ) ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ದೊಡ್ಡ ಹುಡುಗ ಏಳನೇ ಕ್ಲಾಸು, ವಾರದಲ್ಲಿ ಎರಡು ದಿನ ಗ್ಯಾರೇಜಿಗೆ ಹೋಗ್ತಿದ್ದಾನೆ. ಮೊದಲ ಸಲ ಚಹಾ ಕೊಟ್ಟು ಮಾತಾಡಿದರು. ಎರಡನೇ ಸಲ ಬರೀ ಹೂಂ, ಉಹೂಂ. ಮೊನ್ನೆ ಮಂಗಳವಾರ ಹೋದಾಗ ಒಳಗೆ ರೊಟ್ಟಿ ಬಡಿಯೋ ಸಪ್ಪಳ ಕೇಳ್ತಿತ್ತು. ನಾನು "ಅಕ್ಕಾ" ಅಂದ ಕೂಡಲೇ ಸಪ್ಪಳ ನಿಂತಿತು. ಹತ್ತು ನಿಮಿಷ ನಿಂತು ವಾಪಸ್ ಬಂದೆ. ರಾತ್ರಿ ನಿದ್ದೆ ಬರ್ತಿಲ್ಲ. ಅನುಭವ ಇದ್ದವರು ಹೇಳಿ.

ಬೆಟಗೇರಿಯ ಅಕ್ಕ:
ತಂಗಿ, ಎಷ್ಟು ಗಂಟೆಗೆ ಹೋಗಿದ್ದೆ? ಹೆಗಲಿಗೆ ಬ್ಯಾಗು, ಕೈಯಲ್ಲಿ ಫೈಲು ಇತ್ತಾ?

ಹೊಸ ಕೆಲಸದವಳು:
ಹತ್ತು ಗಂಟೆಗೆ ಅಕ್ಕಾ. ಎರಡೂ ಇದ್ದವು. ಮೂರು ಸಲವೂ ಮಂಗಳವಾರವೇ.

ಬೆಟಗೇರಿಯ ಅಕ್ಕ:
ಹಾಗಾದರೆ ಮೊದಲು ಆ ಓಣಿಯಲ್ಲಿ ಸಂಘದ ಸಾಲದ ಕಂತು ಯಾವ ವಾರ ಅಂತ ಅಂಗನವಾಡಿ ಟೀಚರಿಗೆ ಕೇಳು. ನಾನು ಗದಗದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನೇಕಾರರ ಓಣಿಯಲ್ಲಿ ನನಗೂ ಇದೇ ಆಗಿತ್ತು. ಬೆಳಿಗ್ಗೆ ಹತ್ತಕ್ಕೆ ಬ್ಯಾಗು ಹಾಕಿಕೊಂಡು ಫೈಲು ಹಿಡಿದು ಬಂದು ಹೆಸರು ಕೂಗುವವರು ಅಂದರೆ ಆ ಮನೆಗಳಿಗೆ ಕಂತು ವಸೂಲಿಯವರೇ. ಮನೆ ಮುಂದೆ ಬಂದು ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ, ಅದನ್ನೂ ಅವರಿಗೆ ಯಾವಾಗಲಾದರೂ ನಿಧಾನಕ್ಕೆ ಹೇಳು. ಆದರೆ ಮೊದಲು ದಿನ ಬದಲಿಸು, ಫೈಲು ಆಫೀಸಿನಲ್ಲೇ ಬಿಡು.

ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ, ಅಂದರೆ ಕಷ್ಟದಲ್ಲಿರೋ ಮಕ್ಕಳಿಗೆ ಸರ್ಕಾರ ಕೊಡೋ ತಿಂಗಳ ನೆರವಿಗೆ, ಅರ್ಜಿ ಹಾಕಿದ್ದೀಯಾ? ತಂದೆ ಇಲ್ಲದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತೆ, ನಗರದಲ್ಲಿ ಮನೆಯ ವರ್ಷದ ಆದಾಯ 96,000, ಹಳ್ಳಿಯಲ್ಲಾದರೆ 72,000 ದಾಟಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ವಿಧವಾ ವೇತನ ಬರ್ತಿದೆಯಾ ಅದನ್ನೂ ನೋಡು. ಜಾಸ್ತಿ ಕಡೆ ಕೆಲಸ ನಿಲ್ಲೋದು ಕಾಗದದಲ್ಲೇ. ಆಧಾರಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು.

ಬ್ಯಾಡಗಿ ತಾಯಿ:
ನಾನು ಬಾಗಿಲಿನ ಒಳಗಡೆ ಇದ್ದವಳು, ಅದಕ್ಕೇ ಬರೀತಿದ್ದೀನಿ. ನಮ್ಮ ಯಜಮಾನರು ಹೋದ ಮೇಲೆ ನಾಲ್ಕು ಜನ ಬಂದರು. ನಾಲ್ಕೂ ಜನ ಅದೇ ಕೇಳಿದರು, ಹೇಗೆ ಸತ್ತರು, ಕುಡೀತಿದ್ದರಾ, ಆದಾಯ ಎಷ್ಟು. ಪ್ರತಿ ಸಲ ಹೇಳೋವಾಗ ಮಗಳು ಮೂಲೆಯಲ್ಲಿ ಕೂತು ಕೇಳ್ತಿದ್ದಳು. ಐದನೆಯವರು ಬಂದಾಗ ನಾನು ಮೆಣಸಿನಕಾಯಿ ತೊಟ್ಟು ಬಿಡಿಸ್ತಿದ್ದೆ, ಕೆಜಿ ಲೆಕ್ಕದ ಕೂಲಿ, ಏಳೋ ಹಾಗಿರಲಿಲ್ಲ. ಆ ಮೇಡಂ ಸುಮ್ನೆ ಎದುರಿಗೆ ಕೂತು ತಾವೂ ಬಿಡಿಸೋಕೆ ಶುರುಮಾಡಿದರು. ಒಂದು ತಾಸು. ಕೈ ಉರೀತಿತ್ತು ಅನ್ಸುತ್ತೆ, ಸೀರೆ ಸೆರಗಿಗೆ ಒರೆಸಿಕೊಳ್ತಿದ್ದರು, ನಾನೇ "ಕಣ್ಣು ಮುಟ್ಟಬ್ಯಾಡ್ರಿ, ಕೊಬ್ಬರಿ ಎಣ್ಣಿ ಹಚ್ಚಿಕೊಳ್ರಿ" ಅಂದೆ. ಅವತ್ತು ಅವರು ಏನೂ ಕೇಳಲಿಲ್ಲ. ಮುಂದಿನ ವಾರ ನಾನೇ ಎಲ್ಲ ಹೇಳಿದೆ. ಮಗಳು ಈಗ ಪಿಯುಸಿ ಓದ್ತಿದ್ದಾಳೆ.

ಧಾರವಾಡದವ:
ಮೇಲಿನವರು ಹೇಳಿದ್ದು ಪೂರ್ತಿ ಒಪ್ತೀನಿ, ಆದರೆ ಹುಡುಗನ ವಿಷಯ ಕಾಯುವಂಥದ್ದಲ್ಲ. 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ದುಡಿಸೋದು ಕಾನೂನಿಗೆ ವಿರುದ್ಧ. ತಾಯಿಗೆ ಹೆದರಿಸಬೇಡಿ, ಆ ಎರಡು ದಿನದ ದುಡ್ಡು ಮನೆಯಲ್ಲಿ ಯಾವುದಕ್ಕೆ ಹೋಗ್ತಿದೆ ಅಂತ ತಿಳಿದುಕೊಳ್ಳಿ, ಅಲ್ಲೇ ದಾರಿ ಸಿಗುತ್ತೆ. ಕ್ಲಾಸ್ ಟೀಚರನ್ನೂ ಭೇಟಿ ಮಾಡಿ. ಆದರೆ ಹೊಡೆತ, ಹಿಂಸೆ ಏನಾದರೂ ಕಂಡರೆ ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಸಂಬಂಧ ಕೆಡುತ್ತೆ ಅಂತ ತಡ ಮಾಡೋ ಹಾಗಿಲ್ಲ. ಮತ್ತೆ ನಿಮ್ಮ ನಿದ್ದೆ. ನಾನು ಮೊದಲ ವರ್ಷ ಎಲ್ಲ ಮನೆಗಳನ್ನೂ ತಲೆಯಲ್ಲಿ ಹೊತ್ತುಕೊಂಡು ಮಲಗ್ತಿದ್ದೆ, ಕೊನೆಗೆ ಇಲ್ಲಿನ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಮಾತಾಡಿದ ಮೇಲೆ ಸರಿಯಾಯ್ತು. ರಾತ್ರಿ ಹೊತ್ತು ಬೇಕಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಹೊಸ ಕೆಲಸದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರಿಗೆ ಕೇಳಿದೆ, ಮಂಗಳವಾರ ಬೆಳಿಗ್ಗೆಯೇ ಕಂತಂತೆ. ಶುಕ್ರವಾರ ಮಧ್ಯಾಹ್ನ ಬರಿಗೈಲಿ ಹೋದೆ. ಅರ್ಧ ಬಾಗಿಲು ತೆಗೆದು "ನೀವಾ?" ಅಂದರು. ಒಲೆ ಮುಂದೆ ಕೂತೆ, ಹಿಟ್ಟು ನಾದಿ ಕೊಟ್ಟೆ, ನೀರು ಜಾಸ್ತಿ ಹಾಕಿದೆ ಅಂತ ಬೈಸಿಕೊಂಡೆ. ಹೊರಡೋವಾಗ ಅಕ್ಕನೇ ಪೆಟ್ಟಿಗೆಯಿಂದ ಗಂಡನ ಮರಣ ಪ್ರಮಾಣಪತ್ರ ತೆಗೆದು ತೋರಿಸಿದರು. ಅದರಲ್ಲಿ ಹೆಸರು ತಪ್ಪಾಗಿದೆ, ವರ್ಷದಿಂದ ವಿಧವಾ ವೇತನವೂ ಬಂದಿಲ್ಲ. ಅದನ್ನು ತಿದ್ದಿಸೋಕೆ ಸೋಮವಾರ ಇಬ್ಬರೂ ಪಾಲಿಕೆ ಕಚೇರಿಗೆ ಹೋಗ್ತಿದ್ದೀವಿ. ಬೆಟಗೇರಿ ಅಕ್ಕಾ, ಏನೇನು ಕಾಗದ ಒಯ್ಯಬೇಕು?