ಪದ್ಮಾಸನ ಬರದ ಮೈಗೆ ಯೋಗ: ಯಾವುದು ಬಿಗಿ, ಯಾವುದು ಮೂಳೆ?

ಉದ್ದಕಾಲು:
ಉದ್ದ ತೊಡೆ, ಗಿಡ್ಡ ಕೈ, ಸ್ವಲ್ಪ ಹೊಟ್ಟೆ. ಕುಕ್ಕರಗಾಲಲ್ಲಿ ಕೂರೋ ಮಾಲಾಸನದಲ್ಲಿ ಹಿಮ್ಮಡಿ ಊರಿದರೆ ಹಿಂದಕ್ಕೆ ಉರುಳೋದೇ. ಕಾಲು ಚಾಚಿ ಮುಂದಕ್ಕೆ ಬಾಗೋ ಪಶ್ಚಿಮೋತ್ತಾನಾಸನದಲ್ಲಿ ಬೆನ್ನು ಗೂನು. ಪದ್ಮಾಸನದಲ್ಲಿ ಎರಡನೇ ಕಾಲು ಏರಲ್ಲ. ಕ್ಲಾಸಿನಲ್ಲಿ ಹೀಗಿರೋದು ನಾನೊಬ್ಬನೇ. 'ಮಾಡ್ತಾ ಮಾಡ್ತಾ ಬರುತ್ತೆ' ಅಂತಾರೆ. ಯಾವುದು ಬರುತ್ತೆ, ಯಾವುದು ಬರಲ್ಲ ಅಂತ ತಿಳಿಯೋದು ಹೇಗೆ? ಬರದೇ ಇರೋದನ್ನ ಇಟ್ಟುಕೊಂಡು ಗುಂಪಿನಲ್ಲಿ ನಾಚಿಕೆಯಿಲ್ಲದೆ ಅಭ್ಯಾಸ ಮಾಡೋದು ಹೇಗೆ?

ಕಂಬಳಿಮಡಿಕೆ:
ತಡೆ ಎಲ್ಲಿದೆ ನೋಡಿ. ಮೀನಖಂಡದಲ್ಲೋ ತೊಡೆಯ ಹಿಂದೋ ಎಳೆದರೆ ಸ್ನಾಯು, ಅದು ಬಗ್ಗುತ್ತೆ. ಕೀಲಿನ ಮುಂಭಾಗದಲ್ಲಿ ಏನೋ ಅಡ್ಡ ಸಿಕ್ಕಂತೆ ಗಟ್ಟಿಯಾಗಿ ನಿಂತರೆ ಬಹುಮಟ್ಟಿಗೆ ಮೂಳೆಯ ಆಕಾರ.

ಮಾಲಾಸನಕ್ಕೆ ಒಂದು ಪರೀಕ್ಷೆ: ಗೋಡೆಗೆ ಮುಖ ಮಾಡಿ, ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರದಲ್ಲಿಡಿ. ಹಿಮ್ಮಡಿ ಏಳದೆ ಮಂಡಿ ಗೋಡೆಗೆ ತಾಗದಿದ್ದರೆ ಪಾದದ ಕೀಲು ಬಿಗಿ. ತಾಗಿಯೂ ಉರುಳಿದರೆ ಅದು ತೊಡೆಮೂಳೆಯ ಉದ್ದದ ಲೆಕ್ಕ, ಕುಂಡೆ ಹಿಂದೆ ಹೋದಷ್ಟೂ ಭಾರ ಹಿಮ್ಮಡಿಯಾಚೆ ಬೀಳುತ್ತೆ. ಎರಡಕ್ಕೂ ಮದ್ದು ಹಿಮ್ಮಡಿ ಕೆಳಗೆ 3–5 ಸೆಂ.ಮೀ. ದಪ್ಪ ಸುತ್ತಿದ ಕಂಬಳಿ. ಕೀಲು ಬಿಗಿ ಇದ್ದವರು ತಿಂಗಳು ಕಳೆದಂತೆ ಒಂದೊಂದೇ ಸುತ್ತು ಬಿಚ್ಚಲಿ. ತೊಡೆ ಉದ್ದ ಇದ್ದವರಿಗೆ ಕಂಬಳಿ ಕಾಯಂ, ಅದರಲ್ಲಿ ಸೋಲೇನೂ ಇಲ್ಲ.

ಪಶ್ಚಿಮೋತ್ತಾನಾಸನದಲ್ಲಿ ಗೂನಾಗೋದು ಸೊಂಟದ ಮೂಳೆ ಹಿಂದಕ್ಕೆ ವಾಲಿರೋದರಿಂದ. 8–10 ಸೆಂ.ಮೀ. ಎತ್ತರದ ಕಂಬಳಿ ಮಡಿಕೆಯ ಅಂಚಿನಲ್ಲಿ ಕೂತು, ಪಾದಕ್ಕೆ ಬೆಲ್ಟು ಹಾಕಿ, ಮಂಡಿ ಸ್ವಲ್ಪ ಮಡಚಿ. ಕಾಲುಗಳ ನಡುವೆ ಹೊಟ್ಟೆಗೆ ಜಾಗ ಬಿಡಿ.

ಐದುಸಿರು:
ಮೂಳೆ ಅಂತ ಇಷ್ಟು ಬೇಗ ತೀರ್ಪು ಕೊಡಬೇಡಿ. ಆರು ತಿಂಗಳು ಬದ್ಧಕೋಣಾಸನ (ಅಂಗಾಲು ಜೋಡಿಸಿ ಮಂಡಿ ಅಗಲಿಸಿ ಕೂರೋದು) ಮಾಡದವರೂ ಹಾಗೇ ಹೇಳ್ತಾರೆ! ಅಂಗಾತ ಮಲಗಿ, ಒಂದು ಹರಡನ್ನ ಇನ್ನೊಂದು ಮಂಡಿಯ ಮೇಲಿಟ್ಟು ತೊಡೆ ಎದೆಯ ಕಡೆಗೆ ತನ್ನಿ, ಪ್ರತಿ ಬದಿಗೆ ಹತ್ತು ಉಸಿರು. ಪದ್ಮಾಸನಕ್ಕೆ ಹೋಗುವಾಗ ಮೊದಲು ಮಂಡಿ ಪೂರ್ತಿ ಮಡಚಲಿ, ಹಿಮ್ಮಡಿ ಹೊಕ್ಕುಳ ಕಡೆ ಬರಲಿ, ಆಮೇಲೆ ತೊಡೆ ಇಳಿಯಲಿ. ಪಾದ ಹಿಡಿದು ಜಗ್ಗಬಾರದು. ಸೊಂಟದ ಕೀಲು ತಿರುಗದೆ ನಿಂತರೆ ತಿರುಚು ಮಂಡಿಗೆ ಬಂದು ಒಳಬದಿಯ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಅಮುಕುತ್ತೆ. ಅಲ್ಲಿ ಚುಚ್ಚಿದರೆ ತಕ್ಷಣ ಬಿಡಿ.

ನಾಚಿಕೆಯ ವಿಷಯಕ್ಕೆ ಮೈಸೂರು ಪದ್ಧತಿಯ ತರಗತಿ ಹುಡುಕಿ. ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಲ್ಲಿ ಕೋಣೆ ಒಂದೇ, ಆದರೆ ಒಬ್ಬೊಬ್ಬರು ಒಂದೊಂದು ಆಸನದಲ್ಲಿರುತ್ತಾರೆ. ಕೂತು ಮೈ ತಿರುಚೋ ಮರೀಚ್ಯಾಸನ 'ಡಿ'ಯಲ್ಲಿ ಅರ್ಧಪದ್ಮವೂ ಬೇಕು, ಕೈ ಕಟ್ಟಲೂಬೇಕು. ಬಹಳ ಜನ ಅಲ್ಲೇ ನಿಂತು ಮುಕ್ತಾಯದ ಆಸನಗಳಿಗೆ ಹೋಗ್ತಾರೆ. ಪ್ರತಿ ಆಸನಕ್ಕೂ ದೃಷ್ಟಿ ನಿಗದಿ: ಮೂಗಿನ ತುದಿ, ಕಾಲ್ಬೆರಳು, ಹೀಗೆ. ಐದು ಉಸಿರು ಕಣ್ಣು ಅಲ್ಲೇ ಇದ್ದರೆ ಪಕ್ಕದ ಮ್ಯಾಟು ಕಾಣೋದೇ ಇಲ್ಲ. ಗುರುಗಳು ಮುಟ್ಟಿ ಒತ್ತೋದು ಬೇಡ ಅಂದರೆ ಶುರುವಿಗೇ ಹೇಳಿಬಿಡಿ.

ಬೆಳ್ಳೂರು_ಇಟ್ಟಿಗೆ:
ಐದುಸಿರು, ಬದ್ಧಕೋಣಾಸನ ಮೂಳೆ ತಿರುಗಿಸಲ್ಲ. ಬೋರಲು ಮಲಗಿ ಮಂಡಿ 90 ಡಿಗ್ರಿ ಮಡಚಿ ನೋಡಿ. ಪಾದ ಹೊರಕ್ಕೆ ಧಾರಾಳವಾಗಿ ಬಿದ್ದು, ಒಳಕ್ಕೆ ಅಲ್ಪವೇ ಹೋದರೆ ತೊಡೆಮೂಳೆಯ ಕುತ್ತಿಗೆ ಮುಂದಕ್ಕೆ ತಿರುಚಿಕೊಂಡಿರೋ ಸಾಧ್ಯತೆ ಹೆಚ್ಚು. ಅಂಥವರಿಗೆ ಪದ್ಮಾಸನದ ಹಟ ಮಂಡಿಗೆ ಕುತ್ತು.

ಇಟ್ಟಿಗೆ (ಯೋಗದ ಬ್ಲಾಕ್), ಬೆಲ್ಟು ಅಂದರೆ ಮುಖ ಸಿಂಡರಿಸೋರಿಗೆ: ಅವನ್ನು ಬಳಕೆಗೆ ತಂದ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದ ಮೈ ಅವರದು.

ಗಿಡ್ಡ ಕೈಗೆ: ಕಾಲು ಚಾಚಿ ನೆಟ್ಟಗೆ ಕೂರೋ ದಂಡಾಸನದಲ್ಲಿ ಅಂಗೈ ನೆಲಕ್ಕೆ ಎಟುಕದಿದ್ದರೆ ಎರಡು ಬದಿಗೂ ಇಟ್ಟಿಗೆ ಮಲಗಿಸಿಡಿ. ಭುಜ ಕುಗ್ಗದೆ ಬೆನ್ನು ಏಳುತ್ತೆ.

ಉದ್ದಕಾಲು:
ಪರೀಕ್ಷೆ ಮಾಡಿದೆ. ಹೊರಕ್ಕೆ ಪೂರ್ತಿ ಬೀಳುತ್ತೆ, ಒಳಕ್ಕೆ ಏನೂ ಇಲ್ಲ ಅನ್ನಬೇಕು. ಧ್ಯಾನಕ್ಕೆ ಹೇಗೆ ಕೂರಲಿ?

ಬೆಳ್ಳೂರು_ಇಟ್ಟಿಗೆ:
ವೀರಾಸನ. ಬೋರಲು ಮಲಗಿದಾಗ ಪಾದ ಹೊರಕ್ಕೆ ಬಿದ್ದರೆ ತೊಡೆ ತಿರುಗೋದು ಒಳಕ್ಕೆ. ನಿಮ್ಮ ತೊಡೆ ಹಾಗೆ ಒಳಕ್ಕೆ ಸುಲಭವಾಗಿ ತಿರುಗೋದರಿಂದ, ಕ್ಲಾಸಿನಲ್ಲಿ ಪದ್ಮಾಸನ ಹಾಕೋರು ಒದ್ದಾಡುವ ಈ ಆಸನ ನಿಮಗೆ ಬೇಗ ಒಲಿಯುತ್ತೆ. ಮಂಡಿ ಜೋಡಿಸಿ, ಪಾದಗಳ ನಡುವೆ ಇಟ್ಟಿಗೆ ಮಲಗಿಸಿ ಅದರ ಮೇಲೆ ಕೂರಿ. ಕಾಲ್ಬೆರಳು ನೇರ ಹಿಂದಕ್ಕಿರಲಿ, ಹೊರಗೆ ತಿರುಗಿದರೆ ಮಂಡಿಯ ಒಳಬದಿ ಎಳೆಯುತ್ತೆ. ಪಾದದ ಮೇಲ್ಭಾಗ ನೋಯ್ದರೆ ಹರಡಿನ ಕೆಳಗೆ ಸುತ್ತಿದ ಟವೆಲ್ ಇಡಿ. ಮೊದಲ ವಾರ ಎರಡೇ ನಿಮಿಷ, ಎದ್ದ ಮೇಲೆ ಕಾಲು ಚಾಚಿ ದಂಡಾಸನ.